ದರ್ಜಿ ದೇವರಿಗೆ ಕೊಟ್ಟ ಗಡುವು

ಆ ದರ್ಜಿಯ ಹೊಲಿಗೆ ಎಂದರೆ ಅಂತಿಂಥದಲ್ಲ. ಅವನು ಹಾಕಿದ ಗುಂಡಿಯನ್ನು ಕೀಳಲು ಜೋಡಿ ಎತ್ತು ಕಟ್ಟಿ ಎಳೆಯಬೇಕು. ಎತ್ತುಗಳು ಮಲಗಿಯಾವೇ ಹೊರತು ಗುಂಡಿ ಜಗ್ಗದು. ಅವನ ಕೋಟು ತೊಟ್ಟ ಗೂನುಬೆನ್ನಿನ ಗುಮಾಸ್ತನೊಬ್ಬ ಸಂಜೆಯೊಳಗೆ ಸೇನಾಪತಿಯ ಹಾಗೆ ನಡೆದದ್ದನ್ನು ಇಡೀ ಬೀದಿ ಕಂಡಿದೆ. ಕಂಡಿಲ್ಲ ಎನ್ನುವವರು ಆ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಿರಬೇಕು. ದೋಷ ಒಂದೇ. ಹೇಳಿದ ದಿನಕ್ಕೆ ಅವನು ಬಟ್ಟೆ ಕೊಟ್ಟದ್ದು ಭೂಮಿ ಹುಟ್ಟಿದಂದಿನಿಂದ ಇಲ್ಲ. ಮದುವೆಗೆಂದು ಹೊಲಿಯಲು ಕೊಟ್ಟ ಅಂಗಿಯನ್ನು ಮಗನನ್ನು ಶಾಲೆಗೆ ಸೇರಿಸುವ ದಿನ ತೊಟ್ಟವರಿದ್ದಾರೆ. ‘ನಾಳೆ ಬನ್ನಿ’ ಎಂಬುದು ಅವನ ಬಾಯಿಂದ ಉಸಿರಿಗಿಂತ ಸಲೀಸಾಗಿ ಬರುತ್ತಿತ್ತು. ಬೀದಿಯವರು ಅವನಿಗೆ ನಾಳೆಯಪ್ಪ ಎಂದೇ ಹೆಸರಿಟ್ಟಿದ್ದರು.

ಇಂಥ ನಾಳೆಯಪ್ಪ ದೇವರಿಗೆ ಗಡುವು ಕೊಟ್ಟ!

ಅವನ ಏಳು ವರ್ಷದ ಮಗಳು ಪುಟ್ಟಿಗೆ ಕೀಲುಬಾವು. ಬೆಳಿಗ್ಗೆ ಎದ್ದರೆ ಎರಡೂ ಮೊಣಕಾಲು ನೂಲುಂಡೆಯಂತೆ ಊದಿರುತ್ತಿದ್ದವು. ಬುಧವಾರಕ್ಕೊಂದು ಸೂಜಿ. ಡಾಕ್ಟರು ಮೊದಲೇ ಹೇಳಿದ್ದರು: ಔಷಧಿ ನಿಧಾನ, ಕೆಲವು ಮಕ್ಕಳಿಗೆ ಮೂರು ನಾಲ್ಕು ತಿಂಗಳು ಬೇಕು, ಎಲ್ಲರಿಗೂ ಹಿಡಿಯುತ್ತದೆಂದು ಹೇಳಲಾಗದು. ದರ್ಜಿ ಮಾತ್ರ ದಿನಾ ಮಿಷನ್ನಿನ ಮುಂದೆ ಕಣ್ಣು ಮುಚ್ಚಿ ಕೂರುತ್ತಿದ್ದ. “ಮೊದಲು ಎಡಗಾಲು, ಆಮೇಲೆ ಬಲಗಾಲು. ಕುಂಟು ಇರಕೂಡದು. ಹತ್ತನೇ ತಾರೀಖು.”

“ಪ್ರಾರ್ಥನೆ ಮಾಡ್ತಿದೀರೋ, ಪ್ಯಾಂಟಿನ ಅಳತೆ ಬರೆಸ್ತಿದೀರೋ?” ಎಂದಳು ಹೆಂಡತಿ.

ಹತ್ತನೇ ತಾರೀಖು ಹೋಯಿತು. ದೊಡ್ಡ ಮನಸ್ಸು ಮಾಡಿ ಮೂವತ್ತಕ್ಕೆ ಮುಂದೂಡಿದ. ಅದೂ ಹೋಯಿತು. ಒಂಬತ್ತನೆಯ ಸೂಜಿಗೆ ಪುಟ್ಟಿ ಕಿರುಚಿದ ಕಿರುಚಿಗೆ ಏಳು ಬೀದಿಯ ನಾಯಿಗಳು ಬಾಲ ಮುದುರಿ ಸುಮ್ಮನಾದವು. ಆಮೇಲೆ ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಅಪ್ಪನ ಜೊತೆ ಮಾತೇ ಇಲ್ಲ. ಇದರಲ್ಲಿ ಮಾತ್ರ ಒಂದಕ್ಷರವೂ ಉತ್ಪ್ರೇಕ್ಷೆಯಿಲ್ಲ.

ಮುಂದಿನ ಮಂಗಳವಾರ ಅವನು ಕತ್ತರಿ ಕುಕ್ಕಿದ. “ನಾಳೆ ಆಸ್ಪತ್ರೆಗೆ ಹೋಗೋದಿಲ್ಲ. ಸೂಜಿನೂ ಸಾಕು, ದೇವರೂ ಸಾಕು. ಮಾತಿಗೆ ತಪ್ಪೋರ ಜೊತೆ ವ್ಯವಹಾರ ಬೇಡ.”

“ಅಯ್ಯೋ, ಯಾರ ಬಾಯಲ್ಲಿ ಯಾವ ಮಾತು!” ಹೆಂಡತಿ ನಗಲು ಹೋದಳು, ಆಗಲಿಲ್ಲ. “ದೇವರು ಯಾವಾಗ ಮಾತು ಕೊಟ್ಟಿದ್ದ ರೀ? ತಾರೀಖು ಹಾಕಿದ್ದು ನೀವು.”

ಅಷ್ಟರಲ್ಲಿ ಕೋಲೂರುತ್ತ ನಿವೃತ್ತ ಟೀಚರಮ್ಮ ಬಂದರು. ಅವರ ಉಣ್ಣೆಯ ಕೋಟಿಗೆ ಆಗಲೇ ಏಳು ತಿಂಗಳು. ಮಂಗಳವಾರ ತಪ್ಪಿದರೂ ಟೀಚರಮ್ಮ ತಪ್ಪುತ್ತಿರಲಿಲ್ಲ.

“ಏನಪ್ಪಾ, ನನ್ನ ಕೋಟನ್ನ ನನ್ನ ಹೆಣಕ್ಕೆ ಹೊದಿಸೋಕೆ ಇಟ್ಕೊಂಡಿದೀಯಾ?”

“ನಾಳೆ ಬನ್ನಿ ಟೀಚರಮ್ಮ.” ಅವನಿಗೆ ಎಲ್ಲರ ಮೇಲೂ ಸಿಟ್ಟು. “ಊರಲ್ಲಿ ಬೇರೆ ದರ್ಜಿ ಇಲ್ವಾ? ಯಾಕೆ ನನ್ನನ್ನೇ ನಂಬ್ಕೊಂಡು ಕೂತಿದೀರಿ?”

“ನಿನ್ನ ತಾರೀಖನ್ನ ನಾನು ಯಾವತ್ತು ನಂಬಿದೀನೋ? ನಾನು ನಂಬಿರೋದು ನಿನ್ನ ಕೈನ.”

“ಅಲ್ಲೀವರೆಗೂ ಚಳಿ ಆಗೋದಿಲ್ವಾ?”

“ಆಗದೆ ಏನು? ಹಲ್ಲು ಕಟಕಟ ಅನ್ನುತ್ತೆ. ಅದಕ್ಕೇ ವಾರವಾರ ಬಂದು ನಿನ್ನ ಎದುರಿಗೇ ಬೈತೀನಲ್ಲ! ನಂಬಿಕೆ ಇಲ್ದೇ ಇದ್ರೆ ಯಾರು ಬೈಯೋಕೆ ಬರ್ತಾರೆ, ಸುಮ್ನೆ ಬರೋದನ್ನ ಬಿಡ್ತಾರೆ.”

ಅವರು ಹೋದ ಮೇಲೆ ದರ್ಜಿಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಕತ್ತಲಲ್ಲಿ, ಕಣ್ಣು ಕಟ್ಟಿಕೊಂಡು, ಓಡುತ್ತ ಪೋಣಿಸಬಲ್ಲವನು ಅವನು!

ಬುಧವಾರ ಬೆಳಿಗ್ಗೆ ಮಿಷನ್ನಿನ ಮುಂದೆ ಕೂತ. ಅಳತೆ ಹೇಳಲಿಲ್ಲ, ತಾರೀಖೂ ಹೇಳಲಿಲ್ಲ. “ಅವಳಿಗೆ ನೋಯ್ತಿದೆ. ಕಾಣ್ತಿದೆಯಾ ನಿನಗೆ? ನನ್ನ ಕೈಲಿ ನೋಡೋಕಾಗ್ತಿಲ್ಲ. ಇಷ್ಟು ತಡ ಮಾಡೋದು ಸರಿಯಲ್ಲ,” ಎಂದ. ಬೈಯುತ್ತ ಬೈಯುತ್ತ ಅತ್ತ. ಉತ್ತರವೇನೂ ಬರಲಿಲ್ಲ. ಆದರೂ ಎದ್ದು, ಮಗಳನ್ನು ಹೆಗಲಿಗೆ ಹಾಕಿಕೊಂಡು ಹೊರಟ.

ಆಸ್ಪತ್ರೆಯ ಬೆಂಚಿನ ಮೇಲೆ, ಎಷ್ಟೋ ದಿನಗಳ ಮೇಲೆ, ಪುಟ್ಟಿ ಬಾಯಿಬಿಟ್ಟಳು. “ಅಪ್ಪಾ, ನಂಗೆ ಯಾವಾಗ ವಾಸಿ ಆಗುತ್ತೆ?”

‘ನಾಳೆ’ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. “ಗೊತ್ತಿಲ್ಲ ಕಂದಾ. ಆಗೋವರೆಗೂ ನಾನು ಪಕ್ಕದಲ್ಲೇ ಇರ್ತೀನಿ.”

“ನೀನು ಹೇಳ್ತಿದ್ಯಲ್ಲ, ಸೂಜಿ ಇರುವೆ ಕಚ್ಚಿದ ಹಾಗೇನಾ?”

“ಅಲ್ಲ. ಸುಳ್ಳು ಹೇಳಿದ್ದೆ. ನೋಯುತ್ತೆ. ನನ್ನ ಬೆರಳು ಹಿಡ್ಕೋ.”

ಪುಟ್ಟಿ ಯೋಚಿಸಿದಳು. “ದೇವರನ್ನ ಬೈಲಾ?”

“ಬೈ. ಅವನ ಎದುರಿಗೇ ಬೈ.”

ಸೂಜಿ ಚುಚ್ಚುವಾಗ ಅವಳು ಬೈದಳು, ಅತ್ತಳು, ಅಪ್ಪನ ನಡುಬೆರಳು ಹಿಡಿದು ಹಿಸುಕಿದಳು. ಆದರೆ ಈ ಸಲ ಗೋಡೆಗೆ ತಿರುಗಲಿಲ್ಲ. ಆ ಹಿಡಿತಕ್ಕೆ ಬೆರಳು ಎಷ್ಟು ಚಪ್ಪಟೆಯಾಯಿತೆಂದರೆ, ಹೊಲಿಯುವಾಗ ಸೂಜಿ ಚುಚ್ಚದಂತೆ ತೊಡುವ ಅಂಗುಸ್ತಾನವೇ ಅದಕ್ಕೀಗ ಹಿಡಿಯುವುದಿಲ್ಲವಂತೆ. ಟೀಚರಮ್ಮನ ಕೋಟು ತಡವಾಗುತ್ತಿರುವುದಕ್ಕೆ ಅದೇ ಕಾರಣವಂತೆ. ಮಂಗಳವಾರ ಅವರು ಬೈಯಲು ಬರುತ್ತಾರೆ. ಬುಧವಾರ ಅಪ್ಪ ಮಗಳು ಹನ್ನೊಂದನೆಯ ಸೂಜಿಗೆ ಹೋಗುತ್ತಾರೆ.