ಗೌಡರ ಹೌಜಿಗೆ ಪಟಕ

ನಿಜಾಮರ ರಾಜ್ಯದಲ್ಲಿ ನವಾಬರನ್ನು ಬಿಟ್ಟರೆ ಮನೆಯಲ್ಲೇ ಈಜುವ ಹೌಜು ಇರುವುದು ತಮಗೊಬ್ಬರಿಗೇ ಎಂದು ಮಾದನಹಿಪ್ಪರಗಾದ ಬೀರಲಿಂಗಪ್ಪಗೌಡರು ಹೇಳಿಕೊಳ್ಳುತ್ತಿದ್ದರು. ಹಿತ್ತಲಲ್ಲಿ ಶಹಾಬಾದಿ ಕಲ್ಲು ಹಾಸಿದ, ಎದೆಮಟ್ಟ ನೀರಿನ ಕೊಳ ಅದು. ದಿನಾ ಬೆಳಿಗ್ಗೆ ಇಳಿದು, ಕೈ ಬಡಿಯುತ್ತ, ಈ ಗೋಡೆಯಿಂದ ಆ ಗೋಡೆಗೆ ಹತ್ತು ಸಲ ಹೋಗಿಬರುವರು. ನೋಡಿದವರು ಭೇಷ್ ಎನ್ನುವರು. ಆ ಭೇಷಿನ ಕೆಳಗೆ ಗೌಡರ ಎರಡೂ ಕಾಲುಗಳು ತಳದ ಕಲ್ಲಿನ ಮೇಲೆ ಮೆಲ್ಲಗೆ ನಡೆಯುತ್ತಿದ್ದವು. ಅವರಿಗೆ ಈಜು ಬರುತ್ತಿರಲಿಲ್ಲ. ನೀರು ಮಜ್ಜಿಗೆಯ ಹಾಗೆ ಕದಡಿರುವವರೆಗೆ ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಆದರೆ ಭೀಮಾ ನದಿಯನ್ನೇ ಈಸಿ ದಾಟುತ್ತಾರೆಂದು ಹೆಸರಾದ ಅಫಜಲಪುರದ ಬೀಗರು, ಖಂಡಪ್ಪನವರು, ಗೌಡರ ಈಜು ನೋಡಲು ಗುರುವಾರ ಬರುತ್ತೇನೆಂದು ಹೇಳಿಕಳಿಸಿದರು.

“ಬೀಗರು ಈ ರಾಡ್ಯಾಗ ಇಳೀಬೇಕೇನ್ರಿ? ಮಂದಿ ಏನಂದಾರು!” ಎಂದ ಹೆಂಡತಿ ರೇವಮ್ಮ, ಹೌಜು ಕಟ್ಟಿದ್ದ ಶರಫುದ್ದೀನನನ್ನೇ ಕರೆಸಿದರು. ಅವನು ಆಳಂದದಿಂದ ನೀರು ತಿಳಿ ಮಾಡುವ ಪಟಕದ ಗಡ್ಡೆ ತಂದು, ಬಟ್ಟೆಯಲ್ಲಿ ಕಟ್ಟಿ, ನೀರಲ್ಲಿ ಆಡಿಸಿದ.

“ಇನ್ನ ಎರಡ ದಿನ ಯಾರೂ ಮುಟ್ಟಬ್ಯಾಡ್ರಿ ಗೌಡ್ರ. ರಾಡಿ ಕೆಳಗ ಕುಂದರ್ತದ. ತಳದಾಗ ಸೂಜಿ ಬಿದ್ರೂ ಕಾಣ್ತದ ನೋಡ್ರಿ!”

ಅದೇ ಸಂಜೆ ಗೌಡರು ಉದ್ದ ಬಿದಿರು ಹಿಡಿದು, ನೀರು ಕದಡುತ್ತ ಹೌಜಿನ ಬದಿಗೆ ನಿಂತಿದ್ದನ್ನು ರೇವಮ್ಮ ಕಂಡರು.

“ಏನ್ ಮಾಡಾಕತ್ತೀರಿ?”

“ಪಟಕ ಕರಗೇದೋ ಇಲ್ಲೋ, ನೋಡಾಕತ್ತೇನಿ.”

“ಅದೇನು ಬ್ಯಾಳಿ ಏನ್ರಿ, ತಿರುವಿ ನೋಡ್ಲಿಕ್ಕ? ತರ್ರಿ ಇಲ್ಲಿ!” ಬಿದಿರು ಅಡುಗೆಮನೆ ಸೇರಿತು.

ಗೌಡರಿಗೆ ಉಳಿದದ್ದು ಕೆಮ್ಮು ಒಂದೇ. ಗುರುವಾರ ಅವರು ಕಂಬಳಿ ಹೊದ್ದು, ಖೊಕ್ ಖೊಕ್ ಎನ್ನುತ್ತ ಬೀಗರನ್ನು ಬರಮಾಡಿಕೊಂಡರು. “ನೆಗಡಿ ಹತ್ಯಾದ್ರಿ. ಇವತ್ತ ಈಸೋದಾಗಂಗಿಲ್ಲ.”

“ಇರ್ಲಿ ಬಿಡ್ರಿ, ಹೌಜರ ನೋಡೋಣಂತ,” ಎಂದು ಖಂಡಪ್ಪ ಹಿತ್ತಲಿಗೆ ನಡೆದೇಬಿಟ್ಟರು.

ನೀರು ಕನ್ನಡಿಯಾಗಿತ್ತು. ಎಲ್ಲರೂ ಬಗ್ಗಿ ನೋಡಿದರು. ತಳದ ತುಂಬ ದಪ್ಪ ಹಸಿರು ಪಾಚಿ. ನಟ್ಟನಡುವೆ ಮಾತ್ರ, ಈ ಗೋಡೆಯಿಂದ ಆ ಗೋಡೆಗೆ, ಹೊಲಕ್ಕೆ ಹೋಗುವ ದಾರಿಯಂತೆ ಸವೆದು ಬೆಳ್ಳಗಾದ ಒಂದು ಗೇಣಿನ ಪಟ್ಟಿ.

“ಯವ್ವಾ, ಇದೇನ್ರಿ, ನೀರಾಗ ಕಾಲುದಾರಿ!” ಎಂದರು ರೇವಮ್ಮ.

ಗೌಡರಿಗೆ ಈಗ ನಿಜವಾದ ಕೆಮ್ಮು ಬಂತು.

ಖಂಡಪ್ಪ ಆ ದಾರಿಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಗೌಡರ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಬಲಗಾಲು ಮೊದಲ ಇಡ್ತೀರೋ, ಎಡಗಾಲೋ?”

“...ಬಲಗಾಲು.”

“ನಾ ಎಡಗಾಲು. ಹೊಳ್ಯಾಗ ಎದಿಮಟ್ಟ ನೀರಿರೋ ಜಾಗಾ ಗೊತ್ತದ ನನಗ. ಭೀಮಾ ಎಂದೂ ತಿಳಿ ಆಗಂಗಿಲ್ಲ, ಅದ ನನ್ನ ಪುಣ್ಯಾ.”

ಗೌಡರ ನೆಗಡಿ ಅಲ್ಲೇ ಬಿಟ್ಟಿತು. ಕಂಬಳಿ ಒಂದು ಕಡೆ, ರುಮಾಲು ಒಂದು ಕಡೆ ಬಿದ್ದವು. ಬೀಗರಿಬ್ಬರೂ ಜೋಡಿಯಾಗಿ ಇಳಿದು ಕೈ ಬಡಿಯತೊಡಗಿದರು. ಎರಡು ಸುತ್ತಿಗೆ ನೀರು ಮತ್ತೆ ಮಜ್ಜಿಗೆ.

“ಅಯ್ಯೋ, ನನ್ನ ಪಟಕ!” ಎಂದ, ತನ್ನ ಕೆಲಸ ನೋಡಲು ಬಂದಿದ್ದ ಶರಫುದ್ದೀನ.

ರೇವಮ್ಮ ಉಳಿದ ಪಟಕದ ತುಂಡನ್ನು ಸೆರಗಿಗೆ ಕಟ್ಟಿಕೊಂಡರು. “ಕುಡಿಯೋ ನೀರಿಗರ ಆಗ್ತದ ತಗೋ,” ಎನ್ನುತ್ತ ಒಳಗೆ ನಡೆದರು.