ಕೊನೆಯ ಕಾಲು ಭಾಗ

ಯಾರ ಹಿಂದೆ ಯಾರು ನಿಲ್ಲಬೇಕೆಂಬುದು ಧನಗೆರೆಯಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೂ ಮೊದಲೇ ಇತ್ಯರ್ಥವಾಗಿದ್ದ ಗಂಭೀರ ವಿಷಯ. ಆಗಿನ ಜಿಲ್ಲಾ ಕೇಂದ್ರ ಕೊಯಮತ್ತೂರಿನಿಂದ ಬಂದಿದ್ದ ರೇಷ್ಮೆ ಇನ್ಸ್‌ಪೆಕ್ಟರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಹನ್ನೆರಡು ಮನೆಯ ಗೂಡನ್ನು ತೂಗಿ, ಹುಳು ಸಾಕಿದ ಒಬ್ಬೊಬ್ಬ ಹೆಂಗಸಿಗೂ ತೂಕ ಬರೆದ ಚೀಟಿ ಕೊಟ್ಟ ಮೇಲೆ ಅವನು ಲೆಕ್ಕ ವಿವರಿಸಿದ. "ಹೆಚ್ಚು ತೂಕದವರು ಮೊದಲು, ಕಡಿಮೆಯವರು ಕೊನೆಗೆ. ಕೊನೆಯ ಕಾಲು ಭಾಗಕ್ಕೆ, ಅಂದರೆ ಮೂರು ಮನೆಗೆ, ಮುಂದಿನ ಬೆಳೆಗೆ ಸರ್ಕಾರದ ಹುಳುಮೊಟ್ಟೆ ಇಲ್ಲ."

ಎಲ್ಲರಿಗೂ ಅರ್ಥವಾಯಿತು. ಅವನು ಮಜ್ಜಿಗೆ ಕುಡಿದು ಬರುವಷ್ಟರಲ್ಲಿ ಸಾಲು ಸಿದ್ಧವಾಗಿತ್ತು. ಬಾಲದಿಂದ ಮೂರು ಎಣಿಸಿ ಚೀಟಿಗೆ ಕೈ ನೀಡಿದ.

ತುದಿಯಲ್ಲಿದ್ದ ಚನ್ನಾಜಮ್ಮ ಚೀಟಿ ಬಿಡಲಿಲ್ಲ. ಯುಗಾದಿಯಲ್ಲಿ ಅತ್ತೆಯಿಂದ ಬೇರೆಯಾಗಿದ್ದ ಅವಳ ಒಲೆ ಉರಿಯುತ್ತಿದ್ದುದು ಹುಳುವಿನಿಂದಲೇ.

"ನಂದು ಐವತ್ತೆಂಟು ಪೌಂಡು, ಸಾ."

ಇನ್ಸ್‌ಪೆಕ್ಟರ್ ಚೀಟಿ ನೋಡಿದ. ಇಡೀ ಊರಿಗೇ ಹೆಚ್ಚು. "ಮತ್ತೆ ಇಲ್ಲೇಕೆ ನಿಂತೆ?"

"ಮುಂದ್ಗಡೆ ನಮ್ಮತ್ತೆ ಅವ್ರಲ್ಲ."

"ತೂಕಕ್ಕೆ ಅತ್ತೆ ಇದೆಯೇನಮ್ಮ?"

"ತೂಕುಕ್ ಇಲ್ಲ. ನಂಗದೆ."

ಸಾಲು ನಕ್ಕಿತು. ನೋಡಿದರೆ ಓರಗಿತ್ತಿ, ನಾದಿನಿ, ಚಿಕ್ಕತ್ತೆ ಎಂದು ಅರ್ಧ ಸಾಲು ಹಾಗೆಯೇ ನಿಂತಿತ್ತು. ಸರಿಯಾಗಿ ನಿಲ್ಲಿ ಎಂದು ಅವನು ಎರಡು ಸಲ ಹೇಳಿದ. ಎರಡು ಸಲವೂ ಎಲ್ಲರೂ ಸೆರಗು ಸರಿಮಾಡಿಕೊಂಡು ಅಲ್ಲಲ್ಲೇ ನಿಂತರು.

"ಈ ಅಮ್ಮ ಮುಂದೆ ಬರದಿದ್ದರೆ ಮೊಟ್ಟೆ ಇಲ್ಲ. ನಾನೇನೂ ಮಾಡಲಾರೆ."

ಚನ್ನಾಜಮ್ಮ ಒಂದು ಹೆಜ್ಜೆ ಎತ್ತಿದಳು. ಮತ್ತೆ ಇದ್ದಲ್ಲೇ ಇಟ್ಟಳು.

ಎಲ್ಲರಿಗಿಂತ ಮುಂದೆ ನಿಂತಿದ್ದ ಅತ್ತೆ ದೊಡ್ಡಬಸಮ್ಮ ತಿರುಗದೆಯೇ ಮಾತಾಡಿದಳು. ಸೊಸೆಯ ಜೊತೆ ಅವಳಿಗೆ ಮಾತು ನಿಂತು ನಾಲ್ಕು ತಿಂಗಳಾಗಿತ್ತು. "ಅಲ್ಲ ಸಾ, ಓದ್ದೋರು ನೀವು. ನಮ್ಮನ್ಯಾಕ್ ಜೋಡುಸ್ತೀರಿ? ಕಾಗ್ದ ಜೋಡುಸ್ಕಳಿ. ಕಾಗ್ದುಕ್ಕೆ ಅತ್ತೆ ಸೊಸೆ ಅಂತಿದ್ದದಾ?"

"ನಿನ್ನ ತೂಕ ಎಷ್ಟಜ್ಜಿ?"

"ಬರ್ದೋರು ನೀವೇ. ಓದ್ಕಳಿ."

ಇನ್ಸ್‌ಪೆಕ್ಟರ್ ಚಾಪೆಯ ಮೇಲೆ ಹನ್ನೆರಡು ಚೀಟಿ ಹರಡಿ, ಗಾಳಿಗೆ ಹಾರದಂತೆ ಒಂದೊಂದಕ್ಕೂ ಕಲ್ಲಿಟ್ಟು, ತೂಕದ ಪ್ರಕಾರ ಜೋಡಿಸಿದ. ಐವತ್ತೆಂಟು ಮೊದಲು ಬಂತು. ಕೊನೆಯಿಂದ ಮೂರನೆಯದು ಇಪ್ಪತ್ತೊಂಬತ್ತು; ಅದರ ಮೇಲಿನದು ಮೂವತ್ತು.

ಒಂದು ಪೌಂಡು ಕಡಿಮೆ ಬಿದ್ದು ಮುಂದಿನ ಬೆಳೆಗೆ ದೊಡ್ಡಬಸಮ್ಮನಿಗೆ ಮೊಟ್ಟೆ ಸಿಗಲಿಲ್ಲ.