ಸೋಫಾ ಅಕ್ಕನ ಸದ್ದಿಲ್ಲದ ಸಂಜೆಗಳು

ಆ ಬೀದಿಯವರೆಲ್ಲ ಆಕೆಯನ್ನು ಸೋಫಾ ಅಕ್ಕ ಎಂದೇ ಕರೆಯುತ್ತಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ಹರಿದ ಸೋಫಾ, ಕುಸಿದ ಕುರ್ಚಿ, ಸ್ಪ್ರಿಂಗು ಹೊರಗೆ ಇಣುಕುವ ದಿವಾನ, ಏನೇ ಬಂದರೂ ಹಳೇ ರೆಕ್ಸಿನ್ ಕಿತ್ತು, ಫೋಮು ಬದಲಿಸಿ, ಹೊಸ ಬಟ್ಟೆ ಎಳೆದು ಬಿಗಿದು ಮೊಳೆ ಹೊಡೆಯುವುದು ಆಕೆಯ ಕಸುಬು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗನನ್ನು ಓದಿಸಿ ಒಂದು ದಡ ಮುಟ್ಟಿಸಿದ್ದು ಅವಳ ಸುತ್ತಿಗೆಯೇ. ಈಗ ಅವನು ಒಂದು ಪ್ರೆಸ್ಸಿನಲ್ಲಿ ಮೇಲ್ವಿಚಾರಕ.

ಸಂಜೆ ಶಟರ್ ಎಳೆದು ಮೆಟ್ಟಿಲು ಹತ್ತಿದ ಮೇಲೆ ಅಕ್ಕ ಬೇರೆಯೇ ಹೆಂಗಸು. ಆಕೆಗೆ ರಾಕ್ ಸಂಗೀತದ ಹುಚ್ಚು. ಲಂಗ ದಾವಣಿಯ ವಯಸ್ಸಿನಲ್ಲಿ ಹಿಡಿದದ್ದು, ಕೂದಲು ನರೆತರೂ ಬಿಟ್ಟಿರಲಿಲ್ಲ. ಅದರಲ್ಲೂ ಒಂದು ತಂಡವೆಂದರೆ ಪ್ರಾಣ: ಗುಂಗುರು ಕೂದಲಿನ ಹಾಡುಗಾರ, ಇಬ್ಬರು ಗಿಟಾರಿನವರು, ಒಬ್ಬ ಆತುರಗೇಡಿ ಡ್ರಮ್ಮರ್. ಸ್ಟುಡಿಯೋದಲ್ಲಿ ಕೂತು ತಿದ್ದಿ ತೀಡಿ ಮಾಡಿದ ಅವರ ರೆಕಾರ್ಡುಗಳು ಮನೆಯಲ್ಲಿದ್ದವು, ಆದರೆ ಧೂಳು ತಿನ್ನುತ್ತಿದ್ದವು. ಆಕೆಗೆ ಬೇಕಾದದ್ದು ಲೈವ್. ಜನರ ಮುಂದೆ ನಿಂತು, ಬೆವರು ಸುರಿಸಿ, ತಪ್ಪಿ, ಸರಿಮಾಡಿಕೊಂಡು ನುಡಿಸಿದ್ದು. ಒಂದೇ ಹಾಡು ಬೇರೆ ಬೇರೆ ಊರುಗಳಲ್ಲಿ ಹೇಗೆ ಬಂತು ಎಂಬುದಕ್ಕೆ ಕಪಾಟಿನ ತುಂಬ ಕ್ಯಾಸೆಟ್ಟುಗಳಿದ್ದವು.

"ಎಲ್ಲಾ ಅದೇ ಹಾಡು ತಾನೇ ಅಮ್ಮಾ?" ಎಂದು ಮಗ ರೇಗಿಸುತ್ತಿದ್ದ.

"ನೀನೂ ದಿನಾ ಅದೇ ಸಾರು ತಿಂತೀಯ. ಒಂದು ದಿನ ಉಪ್ಪು ಮುಂದಾದ್ರೆ ಮುಖ ಗಂಟುಹಾಕ್ತೀಯಲ್ಲ, ಹೇಗೆ ಗೊತ್ತಾಗುತ್ತೆ?" ಎಂದು ಅಕ್ಕ ಬಾಯಿ ಮುಚ್ಚಿಸುತ್ತಿದ್ದಳು.

ಮಗನಿಗೆ ಮದುವೆಯಾಯಿತು. ಸೊಸೆ ಮೆತ್ತಗಿನ ಹುಡುಗಿ. ಒಂದು ಕಾಲ್ ಸೆಂಟರಿನಲ್ಲಿ ಕೆಲಸ. ಕೆಟ್ಟುಹೋದ ಫ್ರಿಜ್ಜು, ಬಾರದ ಮೆಕ್ಯಾನಿಕ್ಕು ಎಂದು ಜನ ಫೋನು ಮಾಡಿ ಕೂಗಾಡಿದರೆ, ಅದನ್ನೆಲ್ಲ ಕೇಳಿಸಿಕೊಂಡು ಸಮಾಧಾನ ಹೇಳುವುದು. ಅವಳು ಬಂದ ವಾರವೇ ಮಗ ಅಡುಗೆಮನೆಗೆ ಬಂದು ದನಿ ತಗ್ಗಿಸಿದ.

"ಅಮ್ಮಾ, ಬೇಜಾರು ಮಾಡ್ಕೋಬೇಡ. ಅವಳು ದಿನವಿಡೀ ಕಂಡವರ ಬೈಗುಳ ಕೇಳಿ ಬರ್ತಾಳೆ. ಮನೇಲಾದ್ರೂ ಕಿವಿಗೆ ಸ್ವಲ್ಪ ನೆಮ್ಮದಿ ಇರಲಿ ಅಂತ..."

"ಅಯ್ಯೋ, ನಾನೇ ಹೇಳೋಣ ಅಂತಿದ್ದೆ ಕಣೋ" ಎಂದಳು ಅಕ್ಕ. ಅಂಥ ಯೋಚನೆ ಅವಳ ತಲೆಯಲ್ಲಿ ಸುಳಿದೇ ಇರಲಿಲ್ಲ. ಆದರೂ ಹೊಸದಾಗಿ ಬಂದ ಹುಡುಗಿಗೆ ತೊಂದರೆಯಾಗಬಾರದು ಎಂಬುದು ಒಳಗಿನಿಂದಲೇ ಬಂದ ಮಾತು. ಮರುದಿನ ಮಗ ದಪ್ಪನೆಯ ಹೆಡ್‌ಫೋನ್ ತಂದುಕೊಟ್ಟ. ಎರಡೂ ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು.

ಅಂದಿನಿಂದ ಅಕ್ಕ ಸಂಜೆ ತನ್ನ ಕೋಣೆಯ ಕುರ್ಚಿಯಲ್ಲಿ ಕೂತು, ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚುತ್ತಿದ್ದಳು. ಮನೆಯಲ್ಲಿ ಪಿಟಕ್ಕೆಂಬ ಸದ್ದಿಲ್ಲ ಎಂದು ಅವಳ ಲೆಕ್ಕ. ಅಂಗಡಿಯ ಗಿರಾಕಿಯೊಬ್ಬಳು ತನ್ನ ಅತ್ತೆಯ ಬಾಯಿಯ ಬಗ್ಗೆ ದೂರಿದಾಗ, "ನಮ್ಮನೇಲಿ ನೋಡಿ, ನಾನು ಇದ್ದೀನೋ ಇಲ್ವೋ ಅಂತ ಸೊಸೆಗೆ ಗೊತ್ತೇ ಆಗಲ್ಲ" ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಹಾಡಿನ ನಡುವೆ ಕಣ್ಣು ತೆರೆದಾಗ ಕೆಲವೊಮ್ಮೆ ಸೊಸೆ ಬಾಗಿಲ ಹೊರಗೆ ಟೀ ಲೋಟ ಹಿಡಿದು ಕೂತಿರುವುದು ಕಾಣುತ್ತಿತ್ತು. ಗಾಳಿಗೆ ಕೂತಿರಬೇಕು, ಪಾಪ, ಎಂದುಕೊಳ್ಳುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಸೊಸೆ ಪಾತ್ರೆ ತೊಳೆಯುತ್ತ ಏನೋ ಗುನುಗುತ್ತಿದ್ದಳು. ನೆಲ ಒರೆಸುತ್ತಿದ್ದ ಅಕ್ಕನ ಕೈ ನಿಂತಿತು. ಅದು ತನ್ನ ಮೆಚ್ಚಿನ ತಂಡದ ಹಾಡು! ನಡುವೆ ಗಿಟಾರು ಮೆಟ್ಟಿಲು ಹತ್ತಿದಂತೆ ಮೇಲಕ್ಕೆ ಹೋಗುವ ಜಾಗ. ಆದರೆ ಸೊಸೆ ಮೇಲೆ ಹೋಗಲಿಲ್ಲ. ಅಲ್ಲಿಯವರೆಗೆ ಹತ್ತಿ, ಧೊಪ್ಪನೆ ಕೆಳಗೆ ಬಿದ್ದಳು. ಹಾಗೆ ಬೀಳುತ್ತಿದ್ದದ್ದು ಲೋಕದಲ್ಲಿ ಒಬ್ಬಳೇ. ಮೇಲಿನ ಸ್ವರ ನಿಲುಕದೆ ಅಲ್ಲಿ ಯಾವಾಗಲೂ ಕೆಳಗೆ ಜಾರುವ ದನಿ ಸೋಫಾ ಅಕ್ಕನದೇ.

"ಇದನ್ನ ಎಲ್ಲಿ ಕಲಿತೆ?"

ಸೊಸೆ ನಾಲಗೆ ಕಚ್ಚಿಕೊಂಡಳು. "ನೀವು ಹಾಡ್ತೀರಲ್ಲ ಅತ್ತೆ."

"ನಾನಾ? ಯಾವಾಗ?"

"ದಿನಾ ಸಂಜೆ." ಸೊಸೆ ಕೈಯ ನೊರೆ ಒರೆಸಿಕೊಂಡಳು. "ಹಾಡ್ತೀರಿ, ಕುರ್ಚಿಯ ಕೈ ಮೇಲೆ ಬಡೀತೀರಿ, ಹಾಡು ಮುಗಿದ್ರೆ ಚಪ್ಪಾಳೆ ಹೊಡೀತೀರಿ. 'ಇನ್ನೊಂದು! ಇನ್ನೊಂದು!' ಅಂತ ಕೂಗ್ತೀರಿ. ಆಮೇಲೆ ಯಾರಿಗೋ 'ಲೋ, ನಿಧಾನ ಕಣೋ, ರೈಲು ಹೋಗಿಬಿಡುತ್ತಾ?' ಅಂತ ಬೈತೀರಿ."

ಅಕ್ಕ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಅಲ್ಲೇ ಗೋಡೆಗೆ ಒರಗಿದಳು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಇಷ್ಟು ದಿನ ಮನೆಯಲ್ಲಿ ಕೇಳಿಸುತ್ತಿದ್ದದ್ದು ಬರೀ ತನ್ನ ಗಂಟಲು!

"ಆ ಹೆಡ್‌ಫೋನ್ ತಂದವನು ಒಂದು ಮಾತು ಹೇಳಬಾರದಿತ್ತಾ?"

"ಹೇಳ್ತೀನಿ ಅಂದ್ರು, ನಾನೇ ಬೇಡ ಅಂದೆ. ಹೇಳಿದ್ರೆ ನೀವು ನಿಲ್ಲಿಸಿಬಿಡ್ತೀರಿ ಅಂತ. ಆಫೀಸಲ್ಲಿ ಎಲ್ಲರೂ ಸಿಟ್ಟಲ್ಲೇ ಕೂಗ್ತಾರೆ ಅತ್ತೆ. ಖುಷಿಗೆ ಕೂಗೋರು ನೀವೊಬ್ರೇ. ಅದನ್ನ ಕೇಳೋಕೇ ಟೀ ತಗೊಂಡು ಬರ್ತಿದ್ದೆ." ಹತ್ತಿರ ಬಂದು ಕೇಳಿದಳು: "ಆದ್ರೆ ಬೈಸಿಕೊಳ್ಳೋನು ಯಾರು?"

"ಡ್ರಮ್ಮರ್. ಮೂರನೇ ಹಾಡಿಂದ ಅವನಿಗೆ ಕಾಲು ನಿಲ್ಲಲ್ಲ."

ಸೊಸೆ ಕಿಸಕ್ಕನೆ ನಕ್ಕಳು. ಅಕ್ಕ ಮುಖ ಬಿಗಿಹಿಡಿದು ನೋಡಿದಳು, ಆಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಧ್ಯಾಹ್ನ ಊಟವಾದ ಮೇಲೆ ಸೊಸೆಯೇ ಕೇಳಿದಳು, ನಿಜವಾದ ಹಾಡು ಹೇಗಿದೆ ಎಂದು. ಅಕ್ಕ ಹೆಡ್‌ಫೋನಿನ ವಯರು ಕಿತ್ತು, ಕಪಾಟಿನ ಮೇಲಿದ್ದ ದೊಡ್ಡ ಸ್ಪೀಕರುಗಳ ಧೂಳು ಹೊಡೆದು ಜೋಡಿಸಿದಳು. ಯಾವ ಕ್ಯಾಸೆಟ್ಟು ಹಾಕುವುದೆಂದು ಬಹಳ ಹೊತ್ತು ಹುಡುಕಿದಳು. ಕೊನೆಗೆ ತನ್ನ ಅತಿ ಮೆಚ್ಚಿನದನ್ನೇ ಹಾಕಿದಳು.

ಹಾಡು ಮುಗಿಯಿತು. ಸೊಸೆ ಹುಬ್ಬು ಗಂಟುಹಾಕಿ ಕೂತಿದ್ದಳು.

"ಇದು ಅದೇ ಹಾಡಾ ಅತ್ತೆ? ನೀವು ಹಾಡಿದ್ದೇ ಚೆನ್ನಾಗಿತ್ತಪ್ಪ."

"ಸುಮ್ನಿರು, ಪಾಪ ಬರುತ್ತೆ!" ಎಂದಳು ಅಕ್ಕ. ಆದರೂ ಒಳಗೊಳಗೇ ಹಿಗ್ಗಿದಳು.

ಎರಡನೇ ಸಲ ಹಾಕಿದಾಗ ಸೊಸೆ ಮೈಯೆಲ್ಲ ಕಿವಿಯಾಗಿ ಕೇಳಿದಳು. ಹಾಡುಗಾರ ಕೊನೆಯ ಚರಣದಲ್ಲಿ ದನಿ ನಿಲ್ಲಿಸಿ, ಜನರೆಲ್ಲ ಒಟ್ಟಿಗೆ ಹಾಡುವ ಜಾಗ ಬಂತು. ಅದು ಅಕ್ಕನಿಗೆ ರೋಮಾಂಚನವಾಗುವ ಜಾಗ. "ನೋಡು, ಹೇಗೆ ಜನರ ಕೈಗೆ ಕೊಟ್ಟುಬಿಟ್ಟ ಹಾಡನ್ನ! ಎಂಥಾ ದೊಡ್ಡ ಮನಸ್ಸು!"

"ಕೊಟ್ಟಿಲ್ಲ ಅತ್ತೆ. ಮರೆತಿದ್ದಾನೆ."

"ಏನಂದೆ?"

"ಸಾಲು ಮರೆತುಹೋಗಿದೆ. ನಿಲ್ಲೋಕೆ ಮುಂಚೆ ಉಸಿರು ಎಳೆದುಕೊಂಡ ನೋಡಿ, ಹಾಡೋಕೆ ಹೊರಟೋನು ಎಳೆಯೋ ಉಸಿರದು. ಆಮೇಲೆ ಏನೂ ಇಲ್ಲ. ನಮ್ಮ ಆಫೀಸಲ್ಲಿ ಹೊಸ ಹುಡುಗೀರು ಹೇಳಬೇಕಾದ್ದು ಮರೆತರೆ ಹೀಗೇ ಆಗುತ್ತೆ."

ಅಕ್ಕನಿಗೆ ಉರಿದುಹೋಯಿತು. ಇವಳು ಹುಟ್ಟುವ ಮೊದಲಿಂದ ಕೇಳುತ್ತಿದ್ದೇನೆ, ನನಗೇ ಹೇಳಿಕೊಡಲು ಬಂದಳು! ಟೇಪು ಹಿಂದಕ್ಕೆ ಸುತ್ತಿದಳು. ಉಸಿರು ಇತ್ತು. ಮತ್ತೆ ಸುತ್ತಿದಳು. ಇತ್ತು. ಎದ್ದು ಇನ್ನೊಂದು ಊರಿನ ಕ್ಯಾಸೆಟ್ಟು ತಂದಳು. ಅದರಲ್ಲಿ ಅವನು ಆ ಸಾಲನ್ನು ತಾನೇ ಹಾಡಿದ್ದ. ಮತ್ತೊಂದರಲ್ಲೂ ಹಾಡಿದ್ದ. ನಾಲ್ಕನೆಯದರಲ್ಲಿ ಮಾತ್ರ ಜನರಿಗೆ ಬಿಟ್ಟಿದ್ದ.

"ಇಗೋ! ಇಲ್ಲೂ ಬಿಟ್ಟಿದ್ದಾನೆ!" ಅಕ್ಕ ತೊಡೆ ತಟ್ಟಿದಳು.

"ಇದು ಯಾವಾಗಿನದು, ಆಮೇಲಿನದಾ?"

"ಹೂಂ, ಆಮೇಲಿನದೇ."

"ಹಾಗಾದ್ರೆ ಒಂದು ಸಲ ಮರೆತು, ಜನ ಕಾಪಾಡಿದ್ದು ಹಿಡಿಸಿರಬೇಕು. ಆಮೇಲೆ ಬೇಕಂತಲೇ ಬಿಟ್ಟಿದ್ದಾನೆ."

ಅಕ್ಕ ಮೊದಲಿನ ಕ್ಯಾಸೆಟ್ಟು ಹಾಕಿ ಆ ಜಾಗವನ್ನು ಮತ್ತೊಮ್ಮೆ ಕೇಳಿದಳು. ಸಾವಿರಾರು ಜನರ ಮುಂದೆ ಒಬ್ಬನಿಗೆ ಮಾತು ಕೈಕೊಟ್ಟಿದೆ, ಆ ಗಳಿಗೆಯಲ್ಲಿ ಜನ ಅವನನ್ನು ಎತ್ತಿ ಹಿಡಿದಿದ್ದಾರೆ. ತಾನು ಅಂದುಕೊಂಡಿದ್ದಕ್ಕಿಂತ ಇದೇ ಚೆನ್ನಾಗಿದೆ ಅನ್ನಿಸಿತು. ಒಪ್ಪಿಕೊಳ್ಳಲು ಮಾತ್ರ ಬಾಯಿ ಬರಲಿಲ್ಲ. "ಇರಬಹುದು, ಇರಬಹುದು" ಎಂದು ಗೊಣಗಿ, "ಟೀ ಕುಡೀತೀಯಾ?" ಎಂದಳು.

ಆಮೇಲಿನ ಸಂಜೆಗಳಲ್ಲಿ ಇಬ್ಬರದೂ ಇದೇ ಕೆಲಸವಾಯಿತು. ಯಾವ ಊರಿನದು ವಾಸಿ, ಯಾವ ದಿನ ಹಾಡುಗಾರನಿಗೆ ನೆಗಡಿಯಾಗಿತ್ತು, ಯಾವಾಗ ಗಿಟಾರಿನವರಿಬ್ಬರೂ ಮುನಿಸಿಕೊಂಡಿದ್ದರು, ಎಲ್ಲಕ್ಕೂ ಜಗಳ. ಇಷ್ಟು ವರ್ಷ ಅಕ್ಕ ಒಬ್ಬಳೇ ಕೇಳಿದ್ದಳು, ಒಬ್ಬಳೇ ಚಪ್ಪಾಳೆ ಹೊಡೆದಿದ್ದಳು. ಎದುರು ವಾದಿಸುವವರು ಇದ್ದರೆ ಹಾಡಿಗೆ ಇಷ್ಟೊಂದು ರುಚಿ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಪ್ರೆಸ್ಸಿನಿಂದ ದಣಿದು ಬಂದ ಮಗ ಬಾಗಿಲಲ್ಲೇ ನಿಂತು, "ನಿಮ್ಮಿಬ್ಬರ ಮಧ್ಯೆ ನನಗೊಂದು ಲೋಟ ನೀರು ಸಿಗುತ್ತಾ?" ಎಂದು ಕೂಗುತ್ತಿದ್ದ. ಯಾರಿಗೂ ಕೇಳಿಸುತ್ತಿರಲಿಲ್ಲ. ತಾನೇ ಹೋಗಿ ಕುಡಿಯುತ್ತಿದ್ದ.

ಒಂದು ಶನಿವಾರ ಸೊಸೆ ಬಹಳ ಸುಸ್ತಾಗಿ ಬಂದಳು. ಅಂದು ಅವಳ ಮೇಲೆ ಯಾರೋ ಗಂಟೆಗಟ್ಟಲೆ ಹಾರಾಡಿದ್ದರಂತೆ. "ಇವತ್ತು ಬೇಡ ಬಿಡು" ಎಂದಳು ಅಕ್ಕ. "ಇವತ್ತೇ ಬೇಕು ಅತ್ತೆ, ಜೋರಾಗೇ ಇರಲಿ" ಎಂದು ಸೊಸೆ ಸೋಫಾದ ಮೂಲೆಗೆ ಒರಗಿದಳು. ಮೊದಲ ಹಾಡು ಮುಗಿಯುವಷ್ಟರಲ್ಲಿ, ಅಷ್ಟು ಗದ್ದಲದ ನಡುವೆಯೇ, ಬಾಯಿ ಚೂರು ತೆರೆದು ನಿದ್ದೆ ಹೋಗಿದ್ದಳು.

ದನಿ ಕಡಿಮೆ ಮಾಡಲು ಅಕ್ಕ ಕೈ ಚಾಚಿದಳು. ಗುಂಡಿಯನ್ನು ತುಸು ತಿರುಗಿಸಿದ್ದೇ ತಡ, ಸೊಸೆಯ ರೆಪ್ಪೆ ಅಲುಗಿತು. ಅಕ್ಕ ಸರ್ರನೆ ಮೊದಲಿನಷ್ಟಕ್ಕೇ ತಂದಳು. ಹುಡುಗಿ ಮತ್ತೆ ಉಸಿರು ಬಿಟ್ಟು ಹಗುರಾದಳು. ಟೇಪಿನಲ್ಲಿ ಜನ ಶಿಳ್ಳೆ ಹೊಡೆಯುತ್ತಿದ್ದರು. ಅಕ್ಕ ಅವಳ ಎರಡೂ ಕಾಲನ್ನು ಮೆಲ್ಲಗೆ ಎತ್ತಿ ಸೋಫಾದ ಮೇಲಿಟ್ಟಳು. ಕ್ಯಾಸೆಟ್ಟಿನ ಈ ಬದಿ ಮುಗಿಯುತ್ತಿದ್ದಂತೆ ಚಕ್ಕನೆ ಮಗುಚಿ ಹಾಕಬೇಕೆಂದು ಪ್ಲೇಯರಿನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂತಳು.